ಅಕ್ಕನ ಬುಟ್ಟಿಯಲ್ಲಿ ದೊರೆಗಳ ಕನ್ನಡಕ

ಆಡಬೇಕಾಗಿದ್ದ ಒಂದು ಮಾತನ್ನು ಆಡದೆ ವರ್ಷವಿಡೀ ನುಂಗಿಕೊಂಡಿದ್ದವನು ನಾನು. ಅದಕ್ಕೆ ಮೊದಲು ನಮ್ಮಕ್ಕನ ವಿಷಯ ಹೇಳಬೇಕು. ಹಡಗು ಹತ್ತಿ, ರೈಲು ಹತ್ತಿ ಮೈಸೂರು ನೋಡಲು ಬಂದ ಎಷ್ಟೋ ಬಿಳಿಯರು ಚಾಮುಂಡಿ ಬೆಟ್ಟದ ತುದಿಯವರೆಗೂ ಹೋಗಿ ಏನನ್ನೂ ಕಾಣದೆ ಇಳಿದು ಬಂದರು. ಅದಕ್ಕೆ ಕಾರಣ ನಮ್ಮಕ್ಕ!

ಇಂಗ್ಲಿಷರ ರಾಜ್ಯ ಹೋಗಿ ಕೆಲವೇ ವರ್ಷ ಆಗಿತ್ತು. ಬೆಟ್ಟದ ಮೆಟ್ಟಿಲ ಬುಡದಲ್ಲಿ ಅಕ್ಕ ಎಳನೀರು ಮಾರುತ್ತಿದ್ದಳು. ಕೊಚ್ಚುವ ಕೆಲಸ ನನ್ನದು. ನಾಲ್ಕನೇ ಕ್ಲಾಸಿನಲ್ಲಿ ಸ್ಕೂಲು ನನ್ನನ್ನು ಬಿಟ್ಟಿತೋ, ನಾನು ಸ್ಕೂಲನ್ನು ಬಿಟ್ಟೆನೋ, ಅಂತೂ ಇಬ್ಬರಿಗೂ ಬೇಜಾರಿರಲಿಲ್ಲ. ಅಕ್ಕನಿಗೆ ವ್ಯಾಪಾರಕ್ಕಿಂತ ಪರದೇಶದವರ ಚಿಂತೆಯೇ ಹೆಚ್ಚು. ನಮ್ಮ ಬಿಸಿಲು, ಮಳೆ, ಹುಳುಹುಪ್ಪಟೆಗಳ ಗುಣ ಪಾಪ ಅವರಿಗೇನು ಗೊತ್ತು?

"ಕಾಲು ಕುಟ್ಕೊಂಡು ಹತ್ತಿ ಸ್ವಾಮಿ, ಹಾವು ಸರ್ಕೋತವೆ" ಎಂದು ತಾನೇ ಕುಟ್ಟಿ ತೋರಿಸುವಳು. ಗಂಡಹೆಂಡಿರು ಧಪಧಪ ಕುಟ್ಟುತ್ತಾ ಹತ್ತಿದರೆ, ಹಿಂದೆ ಬರುತ್ತಿದ್ದ ಹಳ್ಳಿಯವರು ಇದ್ಯಾವುದೋ ಕಠಿಣವಾದ ಹರಕೆ ಇರಬೇಕೆಂದು ದಾರಿ ಬಿಟ್ಟು ಕೈಮುಗಿಯುತ್ತಿದ್ದರು.

ಒಂದು ಮಧ್ಯಾಹ್ನ ಮೋಡದ ಚೂರೊಂದು ಕಂಡದ್ದೇ ತಡ, ಬಿಳಿ ಹೆಂಗಸೊಬ್ಬರ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಯೇಬಿಟ್ಟಳು. "ಮಾವಿನ ಮಳೆ ಕಣಮ್ಮ, ಹೇಳಿ ಕೇಳಿ ಬರಲ್ಲ." ಮಳೆ ಬರಲೇ ಇಲ್ಲ. ಆಯಮ್ಮ ಸುಡುಬಿಸಿಲಲ್ಲಿ ಕೊಪ್ಪೆ ತೆಗೆಯದೆ ಬೆಟ್ಟ ಸುತ್ತಿ ಬಂದರು. ಊರಿನ ಪದ್ಧತಿ ಅಂದುಕೊಂಡಿರಬೇಕು. "ನೋಡ್ದಾ, ಏನು ಭಕ್ತಿ" ಅಂದಳು ಅಕ್ಕ.

ಆದರೆ ಅವಳ ದೊಡ್ಡ ವೈರಿ ಕೋತಿ. ಕನ್ನಡಕದವರು ಯಾರೇ ಬರಲಿ, ಅದನ್ನು ತೆಗೆಸಿ, ಮುಚ್ಚಳದ ಬುಟ್ಟಿಯಲ್ಲಿಟ್ಟು, ಮೇಲೊಂದು ಕಲ್ಲು ಹೇರುವಳು. ಹಾಗೆ ಮೇಲೆ ಹೋದವರಿಗೆ ದೊಡ್ಡ ನಂದಿ ಕಂಡಿತೋ, ಯಾರದೋ ಎಮ್ಮೆ ಮಲಗಿದ ಹಾಗೆ ಕಂಡಿತೋ? ಕೇಳಿದರೆ, "ಕಣ್ಣು ಕಾಣದಿದ್ರೆ ಏನಾಯ್ತು, ಕನ್ನಡಕ ಭದ್ರವಾಗೈತಲ್ಲ" ಅನ್ನುವಳು.

ಒಂದು ದಿನ ಒಬ್ಬ ಬಿಳಿಯ ಮುದುಕ ದೊರೆ ಚಿನ್ನದ ಬಣ್ಣದ ಕಟ್ಟಿನ ಕನ್ನಡಕ ಕೊಟ್ಟು ಮೇಲೆ ಹೋದರು. ಅಕ್ಕ ನೀರು ತರಲು ಹೋದಳು. ದೊರೆಯನ್ನು ಕರೆತಂದಿದ್ದ ಜಟಕಾದವನು ಮರದಡಿ ನಿದ್ದೆ ಹೊಡೆಯುತ್ತಿದ್ದ. ಹಾಕಿಕೊಂಡರೆ ಓದಿದವನ ಹಾಗೆ ಕಂಡೇನೋ ಎಂದು ನನಗೆ ಆಸೆ. ಕಲ್ಲು ಸರಿಸಿ, ಕನ್ನಡಕ ಏರಿಸಿ, ಜಟಕಾದ ಹಿತ್ತಾಳೆ ದೀಪದಲ್ಲಿ ಮುಖ ನೋಡಲು ಬಗ್ಗಿದೆ. ಎಲ್ಲ ಮಂಜು ಮಂಜು. ಆ ಮಂಜಿನೊಳಗಿಂದ ಒಂದು ಕಪ್ಪು ಕೈ ಬಂತು. ವಿದ್ಯೆ ನನ್ನ ಮೂಗಿನ ಮೇಲೆ ಅರೆಗಳಿಗೆ ಕೂತಿದ್ದು ಮರ ಹತ್ತಿ ಹೊರಟುಹೋಯಿತು.

ಬಿಂದಿಗೆ ಹೊತ್ತು ಬಂದ ಅಕ್ಕನಿಗೆ, "ನೀನು ಕಲ್ಲು ಇಡೋದು ಮರ್ತಿದ್ದೆ, ಕೋತಿ ಮುಚ್ಚಳ ತೆಗೆದ್ಬುಡ್ತು" ಅಂದೆ.

ದೊರೆ ಇಳಿದು ಬಂದಾಗ ಅಕ್ಕನೇ ಅವರ ಕೈಹಿಡಿದು ಜಟಕಾ ಹತ್ತಿಸಿದಳು. "ಏನಕ್ಕೋ, ದೊರೆ ಕಣ್ಣ ಕೋತೀಗೆ ದಾನ ಮಾಡ್ಬುಟ್ಟಾ?" ಎಂದು ಜಟಕಾದವನು ನಕ್ಕ. ಬೇರೆ ದಿನವಾಗಿದ್ದರೆ ಅವನ ಕುದುರೆಯ ವಂಶವನ್ನೂ ಸೇರಿಸಿ ಜಾಲಾಡುತ್ತಿದ್ದಳು. ಅಂದು ತಲೆ ಎತ್ತಲಿಲ್ಲ.

ಆಮೇಲೆ ಅಕ್ಕ ಯಾರಿಗೂ ಏನೂ ಹೇಳಲಿಲ್ಲ. ಪರದೇಶದವರು ಕಾಲು ಕುಟ್ಟದೆ ಹತ್ತಿದರು, ಕೊಪ್ಪೆಯಿಲ್ಲದೆ ನೆನೆದರು. ಮನೆಯಲ್ಲೂ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ ನಿಲ್ಲುವಳು. "ಬೀಗ ಹಾಕಿದೀನಾ ನೋಡ್ಬಾರೋ." ಹಾಕಿರುತ್ತಿದ್ದಳು. ನಾನು ಹೋಗಿ ಬೀಗ ಎಳೆದು ನೋಡಿ ಬರುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಕನ್ನಡಕ ಹಾಕಿದ ಬಿಳಿ ಹುಡುಗಿಯೊಬ್ಬಳು ಮೆಟ್ಟಿಲ ಹತ್ತಿರ ನಿಂತಿದ್ದಳು. ತಲೆಯ ಮೇಲಿನ ಕೊಂಬೆಯಲ್ಲಿ ಕೋತಿ ಹೊಂಚು ಹಾಕುತ್ತಿತ್ತು. ಅಕ್ಕ ಅರ್ಧ ಎದ್ದಳು. ಮತ್ತೆ ಕೂತಳು.

"ನೀನೇ ಇಸ್ಕೊಂಡು ಇಡೋ. ನನ್ ಕೈ ನಂಬಂಗಿಲ್ಲ."

ನಾನು ಮಚ್ಚು ಕೆಳಗಿಟ್ಟೆ.

"ಅಕ್ಕ, ಅವತ್ತು ನೀನು ಕಲ್ಲು ಇಟ್ಟಿದ್ದೆ ಕಣಕ್ಕ. ತೆಗ್ದೋನು ನಾನು. ತಪ್ಪಾಯ್ತು, ಕ್ಷಮಿಸ್ಬುಡು."