ಪೂಜೆಗೆ ಕುಳಿತ ಸ್ಕ್ರೂಡ್ರೈವರ್

ಕೆಪಾಸಿಟರ್ ಸತ್ತಿರಬಹುದು. ಬೇರಿಂಗ್ ಕಚ್ಚಿಕೊಂಡಿರಬಹುದು. ವೈಂಡಿಂಗ್ ಸುಟ್ಟಿರಬಹುದು, ವೋಲ್ಟೇಜ್ ಇಳಿದಿರಬಹುದು, ಸಂಪಿನೊಳಗಿನ ಕಲ್ಲೊಂದು ಪೈಪಿನಲ್ಲಿ ಏರಿ ಬಂದು ಪಂಪಿನ ಹೊಟ್ಟೆ ಸೇರಿರಬಹುದು, ಹಲ್ಲಿಯೊಂದು ಒಳಗೆ ಹೊಕ್ಕು ಪ್ರಾಣ ಬಿಟ್ಟಿರಬಹುದು. ಅಥವಾ, ಮನೆಯಲ್ಲಿ ನನ್ನ ಮಾತಿಗೆ ಎಷ್ಟು ಬೆಲೆಯಿದೆ ಎಂಬುದು ಮೋಟಾರಿಗೂ ಗೊತ್ತಾಗಿರಬಹುದು. ವಿಜಯದಶಮಿಯ ಬೆಳಿಗ್ಗೆ ದಿಲ್‌ಸುಖ್‌ನಗರದ ನಮ್ಮ ಮನೆಯ ನೀರಿನ ಮೋಟಾರು, ಸ್ವಿಚ್ ಹಾಕಿದರೆ ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ನಾನು ಕೂಡಲೇ ಸ್ವಿಚ್ ಆರಿಸಿ ಚಿಂತೆ ಶುರುಮಾಡಿದೆ. ಚಿಂತೆಯ ವಿಷಯದಲ್ಲಿ ನನಗೆ ಯಾರ ಸಹಾಯವೂ ಬೇಕಾಗುವುದಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೆಟ್ರೋ ಇಳಿದು ಮನೆಗೆ ಓಡಿಬಂದವನು ನಾನು. ಆ ದಿನ ಸಿಲಿಂಡರೇ ಖಾಲಿಯಾಗಿತ್ತು.

ಬೇರೆ ದಿನವಾಗಿದ್ದರೆ ಸಂಪಿನಿಂದ ನಾಲ್ಕು ಬಕೆಟ್ ಸೇದಿ ಸುಮ್ಮನಾಗುತ್ತಿದ್ದೆ. ಆದರೆ ಅಂದು ಮಧ್ಯಾಹ್ನದ ಗಾಡಿಗೆ ರಾಯಚೂರಿನಿಂದ ನನ್ನ ಹೆಂಡತಿ ಸರೋಜಾಳ ಅಣ್ಣ ಸಂಸಾರ ಸಮೇತ ಕಾಚಿಗೂಡದಲ್ಲಿ ಇಳಿಯುವವರಿದ್ದರು. ಭಾವನವರದು ಮೋಟಾರು ಪಂಪಿನ ಅಂಗಡಿ. ಪ್ರತಿ ದಸರೆಗೂ ಬಂದು, ನಮ್ಮ ಹಳೆಯ ಮೋಟಾರಿನ ಮುಂದೆ ಐಸಿಯು ರೋಗಿಯನ್ನು ನೋಡುವ ಮುಖ ಮಾಡಿ ನಿಂತು, "ಇದನ್ನ ಗುಜರಿಗಿ ಹಾಕ್ರಿ, ಹೊಸಾದು ಕಳಸ್ತೀನಿ" ಎನ್ನುತ್ತಾರೆ. "ಇನ್ನೂ ಓಡಾಕತ್ತೈತಿ ಬಿಡ್ರಿ" ಎಂದು ನಾನೂ ಪ್ರತಿ ದಸರೆಗೆ ಎದೆಯುಬ್ಬಿಸುತ್ತೇನೆ. ಹನ್ನೊಂದು ವರ್ಷದ ಹಟ ಇದು. ಈ ವರ್ಷವೂ ಗೆಲ್ಲಲೇಬೇಕೆಂದು, ಹಿಂದಿನ ದಿನದ ಆಯುಧಪೂಜೆಯಲ್ಲಿ ಸ್ಕೂಟರಿಗೆ ಬರೀ ಕುಂಕುಮ ಇಟ್ಟವನು ಮೋಟಾರಿಗೆ ಚೆಂಡುಹೂವಿನ ಹಾರ ಹಾಕಿ, ಅದರ ಕಬ್ಬಿಣದ ನೆತ್ತಿಯ ಮೇಲೇ ಕಾಯಿ ಒಡೆದಿದ್ದೆ. "ಹೊರಗ ಕಲ್ಲಿಲ್ಲೇನ್ರಿ?" ಎಂದು ಸರೋಜಾ ಕೇಳಿದ್ದಳು. ಭಕ್ತಿಯ ಆವೇಶದಲ್ಲಿದ್ದವನು ಇನ್ನೊಂದು ಏಟು ಜೋರಾಗಿಯೇ ಹಾಕಿದ್ದೆ.

ಮೆಕ್ಯಾನಿಕ್ ಮಲ್ಲಪ್ಪ ನಮ್ಮ ಯಾದಗಿರಿ ಕಡೆಯವನು. ಅವನಿಗೆ ಫೋನ್ ಮಾಡಿದೆ.

"ಪಾನಾ, ಪಕ್ಕಡ್ ಎಲ್ಲಾ ಪೂಜಾಕ್ಕ ಇಟ್ಟೀನ್ರಿ ಸರ್. ಇವತ್ತ ಮುಟ್ಟಂಗಿಲ್ಲ."

"ಮುಟ್ಟಬ್ಯಾಡಪಾ. ಬರೇ ನೋಡಿ ಹೋಗು."

"ನೋಡಿದ್ರ ಕೈ ಸುಮ್ನ ಇರಂಗಿಲ್ರಿ" ಎಂದು ಫೋನ್ ಇಟ್ಟ.

ಸರಿ, ನಾನೇ ಬಿಚ್ಚುತ್ತೇನೆ ಎಂದು ಹೊರಟರೆ ನನ್ನ ಒಂದೇ ಒಂದು ಸ್ಕ್ರೂಡ್ರೈವರ್ ದೇವರ ಮುಂದೆ, ತರಕಾರಿ ಹೆಚ್ಚುವ ಈಳಿಗೆಯ ಪಕ್ಕದಲ್ಲಿ, ಹಣೆಗೆ ಕುಂಕುಮ ಇಟ್ಟುಕೊಂಡು ಕುಳಿತಿತ್ತು.

"ಸಂಜೀಕ ಬನ್ನಿ ಮುಡಿಯೋ ತನಕ ಅದನ್ನ ಎತ್ತಬ್ಯಾಡ್ರಿ" ಎಂದಳು ಸರೋಜಾ, ಅಡಿಗೆಮನೆಯಿಂದಲೇ. "ನಾ ಬದನಿಕಾಯಿ ಸುದ್ದಾ ಕೈಲೇ ಮುರಿಯಾಕತ್ತೀನಿ."

"ಮೋಟಾರ್ ಕೈಲೇ ಮುರಿಯಾಕ ಬರಂಗಿಲ್ಲ."

"ಅಣ್ಣ ಬರ್ತಾನಲ್ಲ, ಅವನೇ ನೋಡ್ತಾನ ಬಿಡ್ರಿ."

ಆ ಒಂದು ಮಾತಿಗೆ ನನ್ನ ಐವತ್ತೆರಡು ವರ್ಷದ ಅಂಜಿಕೆಯೆಲ್ಲ ಹಾರಿಹೋಯಿತು. ಅಷ್ಟೊಂದು ಆಯುಧ ಹಿಡಿದ ದೇವಿಗೆ ಒಬ್ಬ ಗೃಹಸ್ಥನ ಅವಸರ ತಿಳಿಯದೇ? ಕೈಮುಗಿದು ಸ್ಕ್ರೂಡ್ರೈವರ್ ಎತ್ತಿಕೊಂಡೇಬಿಟ್ಟೆ. ಸರೋಜಾ ಕೈಯಲ್ಲಿ ಅರ್ಧ ಬದನೆಕಾಯಿ ಹಿಡಿದು ಹಿಂದೆಯೇ ಬಂದಳು. ಮೇನ್ ಸ್ವಿಚ್ ಇಳಿಸಿದೆ. ಇಳಿಸಿದ್ದೇನೆಯೇ ಎಂದು ಮೂರು ಸಲ ಹೋಗಿ ನೋಡಿದೆ. ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಬಾಡಿದ ಹಾರ ಸರಿಸಿ, ಮೋಟಾರಿನ ಬೆನ್ನಿಗಿರುವ ಫ್ಯಾನಿನ ಜಾಲರಿ ಮುಚ್ಚಳ ಬಿಚ್ಚಿದೆ. ಮುಚ್ಚಳ ಸಡಿಲಾದದ್ದೇ ತಡ, ಏನೋ ಟಕ್ಕನೆ ನೆಲಕ್ಕೆ ಬಿತ್ತು. ಫ್ಯಾನನ್ನು ಬೆರಳಿನಿಂದ ತಳ್ಳಿದರೆ ಸಲೀಸಾಗಿ ತಿರುಗಿತು. ಬಿದ್ದದ್ದನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡೆ. ಸರೋಜಾ ಬಗ್ಗಿ ನೋಡಿದಳು, ನನ್ನ ಮುಖವನ್ನೂ ನೋಡಿದಳು.

"ಅಣ್ಣಗ ಏನಂತ ಹೇಳಲಿ?"

"ಮೋಟಾರ್ ಗಟ್ಟಿ ಐತಿ ಅಂತ ಹೇಳು" ಎಂದೆ, ತಲೆ ತಗ್ಗಿಸದೆ. ಸುಳ್ಳೇನಲ್ಲ. ಮೋಟಾರಿನದು ಎಳ್ಳಷ್ಟೂ ತಪ್ಪಿರಲಿಲ್ಲ. ನನ್ನ ಅಂಗೈಯಲ್ಲಿದ್ದದ್ದು ಹೆಬ್ಬೆರಳಿನ ಉಗುರಿನಷ್ಟು, ಇನ್ನೂ ಕುಂಕುಮ ಮೆತ್ತಿಕೊಂಡಿದ್ದ, ತೆಂಗಿನ ಚಿಪ್ಪಿನ ಚೂರು.