ಹಳದಿ ಗೆರೆಯ ಮೇಲೆ ಮೂರು ಹುಲಿ

ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ ದಿನಕ್ಕೆ ಎಷ್ಟು ಬುಷ್ ತಯಾರಾಗುತ್ತವೋ ಅದರ ಎರಡರಷ್ಟು ಅಭಿಪ್ರಾಯಗಳು ತಯಾರಾಗುತ್ತವೆ. ಹಾಗಾಗಿ ಅಲ್ಲಿ ಏನಾದರೊಂದು ನಡೆಯದ ದಿನವೇ ಇಲ್ಲ. ಬುಷ್ ಅಂದರೆ ಯಂತ್ರದ ಒಳಗೆ ಕೂರುವ ಲೋಹದ ಬಳೆ. ಅದನ್ನು ವರ್ನಿಯರ್ ಹಿಡಿದು ಅಳೆದು ಸರಿ ಅಥವಾ ರಿಜೆಕ್ಟ್ ಅಂತ ಹೇಳುವುದು ನನ್ನ ಕೆಲಸ, ಇಪ್ಪತ್ತು ವರ್ಷದಿಂದ. ಅಭಿಪ್ರಾಯಗಳನ್ನು ಅಳೆಯಲು ನನ್ನನ್ನು ಯಾರೂ ನೇಮಿಸಿಲ್ಲ. ಆದರೂ ಯಾರಾದರೂ ಗಟ್ಟಿಯಾಗಿ ಒಂದು ಮಾತು ಹೇಳಿದರೆ "ಯಾಕೆ? ಅದು ಹೇಗೆ?" ಅಂತ ಕೆದಕದೆ ಇರಲು ನನ್ನಿಂದ ಆಗದು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರ ಸುತ್ತಲೇ ಇದೆ. ಓನರ್ ಬಿಟ್ಟರೆ ನಾವು ಹದಿನೈದು ಜನ. ಹನ್ನೊಂದು ಗಂಡಸರು, ನಾಲ್ಕು ಹೆಂಗಸರು. ಶೆಡ್ಡಿನ ಹಿಂದೆ ಎರಡು ಟಾಯ್ಲೆಟ್ ಇವೆ. ಒಂದನ್ನು ಹದಿನೈದು ಜನವೂ ಬಳಸಬೇಕು, ಅದಕ್ಕೆ ಚಿಲಕವಿಲ್ಲ. ಇನ್ನೊಂದಕ್ಕೆ ಬೀಗ. ಅದರೊಳಗೆ ರಾಜ್ಯೋತ್ಸವದ ಬಾವುಟ, ಆಯುಧಪೂಜೆಯ ಸೀರಿಯಲ್ ಲೈಟು ಮತ್ತು ಒಂದು ತಮಟೆ ವರ್ಷವಿಡೀ ಆರಾಮವಾಗಿ ಇರುತ್ತವೆ.

೧. ರಾಷ್ಟ್ರಮಟ್ಟದ ಅಣ್ಣ

ಬುಷ್ ಕಡೆಯುವ ನಮ್ಮ ಲೇತ್ ಆಪರೇಟರ್ ದಿನಾ ಬೆಳಿಗ್ಗೆ ಹತ್ತರ ಟೀ ಹೊತ್ತಿಗೆ ಪೇಪರ್ ಹರಡಿಕೊಂಡು ಕೂರುತ್ತಾನೆ. ಓದುವುದು ಐದು ನಿಮಿಷ, ಭಾಷಣ ಹತ್ತು ನಿಮಿಷ. ಅವತ್ತು ವಿಷಯ ಸಾಮಾಜಿಕ ನ್ಯಾಯ.

"ಸಮಾನತೆ ಅನ್ನೋದು ತಳದಿಂದ ಬರ್ಬೇಕು ಗುರು! ಕಟ್ಟಕಡೆಯ ಮನುಷ್ಯನ ಕಷ್ಟ ಏನು ಅಂತ ಮೊದ್ಲು ಕೇಳ್ಬೇಕು. ಯಾರ್ ಕೇಳ್ತಿದಾರೆ ಹೇಳಿ ಈ ದೇಶದಲ್ಲಿ?" ಅಂತ ಗ್ಲಾಸು ಎತ್ತಿ ಗುಡುಗಿದ.

ನನಗೆ ನಿಜವಾಗಿಯೂ ಖುಷಿಯಾಯಿತು. ಸರಿಯಾದ ಮನುಷ್ಯ ಸಿಕ್ಕಿದ ಅಂದುಕೊಂಡು ಕೇಳಿದೆ: "ಅಣ್ಣಾ, ಹಿಂದಿರೋ ಎರಡನೇ ಟಾಯ್ಲೆಟ್‌ಗೆ ಬೀಗ ಯಾಕೆ ಹಾಕಿದಾರೆ? ಹೆಂಗಸರಿಗೆ ಬಿಟ್ಟುಕೊಡಿ ಅಂತ ಓನರ್‌ಗೆ ನೀನೊಂದು ಮಾತು ಹೇಳ್ತೀಯಾ?"

ಅವನು ಪೇಪರ್ ಮಡಿಸಿದ. ಗ್ಲಾಸು ಕೆಳಗಿಟ್ಟ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: "ಮೇಡಂ, ಅದು ಲೋಕಲ್ ಮ್ಯಾಟ್ರು. ನಾನು ಮಾತಾಡ್ತಿರೋದು ನ್ಯಾಷನಲ್ ಲೆವೆಲ್ಲು."

೨. ಭೇದಭಾವ ಇಲ್ಲದ ಜಾಗ

ಪ್ಯಾಕಿಂಗ್‌ಗೆ ಹೊಸದಾಗಿ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಸೇರಿದ್ದಳು. ಕೈ ಚುರುಕು, ಮಾತು ಅದಕ್ಕಿಂತ ಚುರುಕು. ಒಂದು ತಿಂಗಳಾದ ಮೇಲೆ ಒಂದು ದಿನ ಮುಖ ಸಣ್ಣದು ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದಳು.

"ಅಕ್ಕಾರ, ಮುಂಜಾನಿಂದ ಸಂಜೀತನಕ ಒಂದು ಗುಟುಕು ನೀರು ಕುಡಿಯೂದಿಲ್ರಿ ನಾ. ಕುಡದ್ರ ಅಲ್ಲಿಗೆ ಹೋಗಬೇಕಾಗ್ತದ. ಈಗ ಉರಿಮೂತ್ರ ಆಗ್ಯದ. ಡಾಕ್ಟರು ನೀರು ಕುಡಿ ಅಂತ ಬೈದು ಕಳಿಸ್ಯಾರ. ಈ ತಿಂಗಳ ಮುಗಿಸಿ ಗಾರ್ಮೆಂಟಿಗೆ ಹೋಗ್ತೀನ್ರಿ."

ನಾನೂ ಇಪ್ಪತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೆ. ಅವಳು ಹೇಳುವವರೆಗೆ ಅದೊಂದು ತೊಂದರೆ ಅಂತ ಕೂಡ ನನಗೆ ಅನ್ನಿಸಿರಲಿಲ್ಲ. ಸಿಕ್ಕಸಿಕ್ಕದ್ದನ್ನೆಲ್ಲ ಯಾಕೆ ಅಂತ ಕೇಳುವವಳು ಇದೊಂದನ್ನು ಕೇಳದೆ ಹೋದೆನಲ್ಲ ಅಂತ ನಾಚಿಕೆಯಾಯಿತು. ತಕ್ಷಣ ಅವಳನ್ನು ಕರೆದುಕೊಂಡು ಓನರ್ ಹತ್ತಿರ ಹೋದೆ.

ಓನರ್ ಇದೇ ಊರಿನವರು. ಈ ಶೆಡ್ ಇರುವ ಜಾಗದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ಕೆಟ್ಟ ಮನುಷ್ಯರಲ್ಲ, ಹಬ್ಬಕ್ಕೆ ಎಲ್ಲರ ಮನೆಗೂ ಒಬ್ಬಟ್ಟು ಕಳಿಸುತ್ತಾರೆ. ನಾವು ಹೇಳಿದ್ದನ್ನೆಲ್ಲ ಕೇಳಿ ಎದೆ ಮೇಲೆ ಕೈ ಇಟ್ಟುಕೊಂಡರು.

"ನೋಡಮ್ಮ, ನಮ್ ತಾವ ಭೇದಭಾವ ಅನ್ನೋದೇ ಇಲ್ಲ. ಆ ಜಾತಿ ಈ ಜಾತಿ, ಗಂಡಸ್ರು ಎಂಗಸ್ರು, ಎಲ್ಲಾರ್ಗೂ ಒಂದೇ ಟಾಯ್ಲೆಟ್ಟು. ಇಂಗೆ ಯಾವ ಫ್ಯಾಕ್ಟ್ರೀಲೈತೆ ಏಳು?"

"ಹಂಗಾದ್ರ ಚಿಲಕಾನೂ ಎಲ್ಲಾರಿಗೂ ಒಂದು ಹಾಕಿಸ್ರಿ" ಅಂದಳು ಇವಳು.

"ಆಯ್ತು, ಆಕುಸ್ತೀನಿ" ಅಂದರು ಓನರ್. ಮಾತಿಗೆ ತಪ್ಪುವವರಲ್ಲ. ಮಾರನೇ ದಿನವೇ ಫಿಟ್ಟರ್ ಚಿಲಕ ಹಾಕಿದ. ಒಳಗಡೆಯ ತಗಡು ತುಕ್ಕು ಹಿಡಿದು ಸ್ಕ್ರೂ ನಿಲ್ಲಲಿಲ್ಲವಂತೆ, ಅದಕ್ಕೆ ಹೊರಗಡೆಗೆ ಹಾಕಿದ.

೩. ಪಾಪ, ಮೂರೇ ಜನ

ನಮ್ಮ ಶೆಡ್ಡಿನಲ್ಲಿ ಊಟದ ಬಿಡುವಿನಲ್ಲಿ ಹುಲಿ-ಕುರಿ ಆಟ ನಡೆಯುತ್ತದೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಸುತ್ತುಗಟ್ಟಿ ಹುಲಿ ಅಲ್ಲಾಡದ ಹಾಗೆ ಕಟ್ಟಿಹಾಕಬೇಕು. ಮೊದಲು ಸೀಮೆಸುಣ್ಣದಲ್ಲಿ ಮನೆ ಬರೆಯುತ್ತಿದ್ದರು. ಹೋದ ವರ್ಷ ಓಡಾಡುವ ದಾರಿ ಗುರುತಿಸಲು ನೆಲಕ್ಕೆ ಹಳದಿ ಪಟ್ಟೆ ಬಳಿದಾಗ ಬಣ್ಣ ಉಳಿಯಿತು. ಲೇತ್ ಆಪರೇಟರ್ ಆ ಬಣ್ಣದಲ್ಲಿ ಪ್ಯಾಕಿಂಗ್ ಮೇಜಿನ ಪಕ್ಕದ ನೆಲದ ಮೇಲೆ ಆಟದ ಮನೆಯನ್ನು ಶಾಶ್ವತವಾಗಿ ಬರೆದುಬಿಟ್ಟ. ನಾನು ಸುಮ್ಮನಿರಲಾರದೆ ಅಳೆದೆ. ಅರ್ಧ ಮಿಲಿಮೀಟರ್ ವ್ಯತ್ಯಾಸವಿಲ್ಲ. ಅವನ ಬುಷ್‌ಗಳು ಯಾವತ್ತೂ ಅಷ್ಟು ಕರಾರುವಾಕ್ಕಾಗಿ ಬಂದದ್ದಿಲ್ಲ.

ಹುಲಿಗೆ ಮೂರು ದೊಡ್ಡ ನಟ್ಟು, ಕುರಿಗೆ ಹದಿನೈದು ರಿಜೆಕ್ಟ್ ಬುಷ್ಷು. ಹುಲಿ ಯಾವಾಗಲೂ ಓನರ್‌ದು. ಅವರು ಗೆಲ್ಲುತ್ತಿದ್ದರು ಕೂಡ, ಸಂಬಳ ಕೊಡುವವರ ಹುಲಿಯನ್ನು ಯಾರು ತಾನೇ ಕಟ್ಟಿಹಾಕುತ್ತಾರೆ? ಯಾದಗಿರಿಯವಳಿಗೆ ಈ ಸೂಕ್ಷ್ಮವನ್ನು ಯಾರೂ ಹೇಳಿರಲಿಲ್ಲ. ಮೊದಲ ದಿನವೇ ಎದುರಿಗೆ ಕೂತು ಹತ್ತು ನಿಮಿಷದಲ್ಲಿ ಮೂರೂ ಹುಲಿಯನ್ನು ಮೂಲೆಗೆ ತಳ್ಳಿದಳು.

ಓನರ್‌ಗೆ ಸಂಕಟವಾಯಿತು. "ಇದ್ಯಾವ ಸೀಮೆ ನ್ಯಾಯ ಕಣಮ್ಮ? ಅದಿನೈದು ಜನ ಸೇರ್ಕಂಡು ಮೂರು ಜನದ್ ಮ್ಯಾಲೆ ಬೀಳೋದಾ? ಪಾಪ, ಮೂರೇ ಜನ ಅವು!"

"ಹಂಗಾದ್ರ ಕುರಿ ನೀವ ಹಿಡೀರಿ, ಹುಲಿ ನನಗ ಕೊಡ್ರಿ."

ಕೊಟ್ಟರು. ಐದು ನಿಮಿಷದಲ್ಲಿ ಅವಳು ಒಂಬತ್ತು ಕುರಿ ತಿಂದಳು. ಓನರ್ ಎದ್ದು ಪಂಚೆ ಕೊಡವಿಕೊಂಡು, ತಾವೇ ನಡೆಸಿದ ಕುರಿಗಳ ಕಡೆ ತಿರಸ್ಕಾರದಿಂದ ನೋಡಿದರು. "ಈ ಕುರಿಗಳ್ಗೆ ಒಗ್ಗಟ್ಟೇ ಇಲ್ಲ. ಅದಕ್ಕೇ ದೇಶ ಇಂಗಾಗಿರೋದು."

೪. ಆಡಿಟ್

ಆ ತಿಂಗಳ ಕೊನೆಯ ವಾರ. ನಮ್ಮಿಂದ ಬುಷ್ ಕೊಳ್ಳುವ ದೊಡ್ಡ ಕಂಪನಿಯ ಆಡಿಟರ್ ಮಾರನೇ ದಿನ ಬರಬೇಕಿತ್ತು. ಅವರಿಗೆ ಶೆಡ್ ಒಪ್ಪಿಗೆಯಾಗದಿದ್ದರೆ ಆರ್ಡರ್ ಹೋಗುತ್ತದೆ. ನಾಳೆ ತಾನೇ ಅಂತ ಊಟದ ಹೊತ್ತಿಗೆ ಆಟ ಕೂಡಿತ್ತು. ಯಾದಗಿರಿಯವಳ ಕುರಿಗಳು ಮೂರೂ ಹುಲಿಯ ಸುತ್ತ ಒತ್ತಾಗಿ ನಿಂತಿದ್ದವು. ಓನರ್ ಮಾತ್ರ ಸೋಲು ಒಪ್ಪಲಿಲ್ಲ. "ಇನ್ನೂ ಒಂದು ನಡೆ ಐತೆ. ಸಂಜೀಕ್ ನೋಡ್ತೀನಿ, ಯಾರೂ ಮುಟ್ಬ್ಯಾಡಿ" ಅಂತ ಎದ್ದರು. ಅಷ್ಟರಲ್ಲಿ ಆಡಿಟರ್ ಬಾಗಿಲಲ್ಲಿ ನಿಂತಿದ್ದರು. ಒಂದು ದಿನ ಮೊದಲೇ!

ಲೇತ್ ನೋಡಿದರು, ನನ್ನ ವರ್ನಿಯರ್ ನೋಡಿದರು, ಹಿಂದೆ ಹೋಗಿ ಟಾಯ್ಲೆಟ್ ಕೂಡ ನೋಡಿ ಬಂದರು, ಪಕ್ಕದ ಬೀಗದ ಬಾಗಿಲು ಸಾಮಾನಿನ ಕೋಣೆಯದು ಅಂತ ಬಿಟ್ಟಿರಬೇಕು. ಆಮೇಲೆ ಹಳದಿ ಪಟ್ಟೆಯನ್ನೇ ಹಿಡಿದು ನಡೆಯುತ್ತಾ ಬಂದವರು ಆಟದ ಮನೆಯ ಮುಂದೆ ನಿಂತರು. ಬಣ್ಣ ಅದೇ ಹಳದಿ, ಗೆರೆ ಅಷ್ಟೇ ನೇರ. ಅದು ಫ್ಯಾಕ್ಟರಿಯ ನಕ್ಷೆಯೇ ಇರಬೇಕು ಅಂದುಕೊಂಡರು, ಪಾಪ.

"ಇದೇನ್ ಸಾರ್, ಲೇಔಟಾ?"

ಕೆಲಸದ ಜಾಗದಲ್ಲಿ ಆಟ ಅಂದರೆ ಆರ್ಡರ್ ಕಥೆ ಮುಗಿಯಿತು. "ಊಂ ಸಾರ್, ಲೇಔಟು" ಅಂದರು ಓನರ್, ಹಣೆ ಒರೆಸಿಕೊಳ್ಳುತ್ತಾ.

"ಈ ಹದಿನೈದು ಬುಷ್?"

"ವರ್ಕರ್ಸು ಸಾರ್. ಅದಿನೈದು ಜನ, ಲೆಕ್ಕ ಸರ್ಯಾಗೈತೆ."

"ಗುಡ್. ಈ ಮೂರು ನಟ್ಟು?"

ಓನರ್ ಕಾಲು ಅಡ್ಡ ಇಟ್ಟು ನಟ್ಟುಗಳನ್ನು ಮರೆಮಾಡಲು ನೋಡಿದರು. ಅವರನ್ನು ಕಾಪಾಡಲು ನಮ್ಮ ಲೇತ್ ಆಪರೇಟರ್ ಮುಂದೆ ಬಂದ. ಆ ಕ್ಷಣಕ್ಕೆ ಅವನ ತಲೆಗೆ ಯಾಕೆ ಅದೇ ಹೊಳೆಯಿತೋ, ಇವತ್ತಿಗೂ ನಾನು ಕೇಳುತ್ತಿದ್ದೇನೆ, ಅವನಿಗೇ ಗೊತ್ತಿಲ್ಲ.

"ಟಾಯ್ಲೆಟ್ಟು ಸಾರ್" ಅಂದ.

"ಮೂರು ಟಾಯ್ಲೆಟ್ಟಾ? ನಾನು ನೋಡಿದ್ದು ಒಂದೇ." ಆಡಿಟರ್ ಇನ್ನೂ ಬಗ್ಗಿ, ಕನ್ನಡಕ ಮೇಲೆತ್ತಿ ನೋಡಿದರು. "ಅಲ್ಲಾ, ಮೆಷಿನ್ ಹತ್ರ ಒಬ್ರೂ ಇಲ್ಲ. ವರ್ಕರ್ಸ್ ಎಲ್ಲಾ ಟಾಯ್ಲೆಟ್ ಸುತ್ತ ಯಾಕೆ ನಿಂತಿದಾರೆ?"

ಲೇತ್ ಆಪರೇಟರ್ ಚಾವಣಿ ನೋಡುತ್ತಿದ್ದ. ಆಗ ಪ್ಯಾಕಿಂಗ್ ಮೇಜಿನ ಹಿಂದಿನಿಂದ ಯಾದಗಿರಿಯವಳು, ಕೈಯಲ್ಲಿನ ಡಬ್ಬಕ್ಕೆ ಟೇಪು ಸುತ್ತುತ್ತಲೇ ಹೇಳಿದಳು:

"ಪಾಳಿ ಹಚ್ಚೀವ್ರಿ ಸಾಹೇಬ್ರ. ಓನರು ಬೀಗ ಯಾವಾಗ ತಗೀತಾರಂತ ಕಾಯಾಕತ್ತೀವಿ."

ಆಡಿಟರ್ ನೆಟ್ಟಗಾಗಿ ಓನರ್ ಕಡೆ ತಿರುಗಿದರು. "ಯಾವ ಬೀಗ? ತೆಗೀರಿ ನೋಡೋಣ."

ಬೀಗ ತೆಗೆದ ಕೂಡಲೇ ತಮಟೆ ಉರುಳಿಕೊಂಡು ಬಂದು ಆಡಿಟರ್ ಕಾಲ ಬಳಿ ನಿಂತಿತು. ಅವರು ನಗಲಿಲ್ಲ, ಪೆನ್ನು ತೆಗೆದು ಬರೆದರು: ಬೀಗ ಹಾಕಿದ ಟಾಯ್ಲೆಟ್ ನಾಳೆಯೇ ಖಾಲಿಯಾಗಿ ಹೆಂಗಸರಿಗೆ ಸಿಗಬೇಕು, ಒಳಚಿಲಕ ಇರಬೇಕು. ಲೇಔಟಿನಲ್ಲಿ ತೋರಿಸಿದ ಮೂರನೆಯದು ಎರಡು ತಿಂಗಳಲ್ಲಿ ಕಟ್ಟಿ ಮುಗಿಯಬೇಕು. ಆಮೇಲೆ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಆರ್ಡರ್ ಇರುತ್ತದೆ.

ಯಾದಗಿರಿಯವಳು ಗಾರ್ಮೆಂಟಿಗೆ ಹೋಗಲಿಲ್ಲ. ನಾವು ನಾಲ್ಕೂ ಜನ ಹೆಂಗಸರು ಅವತ್ತು ಸಂಜೆ ಬಸ್ ಸ್ಟಾಪಿನವರೆಗೂ ನಗುತ್ತಾ ಹೋದೆವು. ಇಷ್ಟು ಸಂತೋಷ ನನಗೆ ಆ ಶೆಡ್ಡಿನಲ್ಲಿ ಹಿಂದೆಂದೂ ಆಗಿರಲಿಲ್ಲ.

ಮಾರನೇ ವಾರ ಮೂರನೇ ಟಾಯ್ಲೆಟ್‌ಗೆ ಪಾಯ ತೆಗೆಯಲು ಗಾರೆಯವರು ಬಂದರು. ಊಟದ ಹೊತ್ತಿಗೆ ಆಟ ಮತ್ತೆ ಶುರುವಾಯಿತು. ಓನರ್ ಪಾಯದ ಗುಂಡಿಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು ಬಂದು, ನೆಲದ ಮೇಲಿಂದ ಎರಡು ನಟ್ಟು ಎತ್ತಿ ಜೇಬಿಗೆ ಹಾಕಿಕೊಂಡರು.

"ಇನ್ಮ್ಯಾಕೆ ಒಂದೇ ಹುಲಿ ಇಕ್ಕಂಡು ಆಡ್ರಪ್ಪ. ಅದ್ಕಿಂತ ಜಾಸ್ತಿ ಹುಲಿ ಕಟ್ಸೋ ಶಕ್ತಿ ನನಗಿಲ್ಲ."