ಕೂಗಿನ ಪ್ರಭಾರ

ಸಾವಿರದ ಒಂಬೈನೂರ ಎಂಬತ್ತಾರರ ಬೇಸಿಗೆಯಲ್ಲಿ, ಬೈರಕೂರಿನ ಮುನಿರಾಮಪ್ಪನ ಕೂಗನ್ನು ಕೋಲಾರದ ಗಗನಭೇರಿ ವಾದ್ಯವೃಂದದ ಚರಾಸ್ತಿ ಎಂದು ಘೋಷಿಸಲಾಯಿತು. ಇದರಿಂದ ಯಾರಿಗೂ ಅನ್ಯಾಯವಾಗಿಲ್ಲ ಎಂಬ ನಿರ್ಣಯವನ್ನೂ ಅದೇ ಸಭೆಯಲ್ಲಿ ಅಂಗೀಕರಿಸಲಾಯಿತು.

ಗಗನಭೇರಿ ಎಂದರೆ ನಾಲ್ಕು ತಾಲ್ಲೂಕುಗಳಿಗೆ ಗೊತ್ತಿದ್ದ ತಂಡ. ಎರಡು ಎಲೆಕ್ಟ್ರಿಕ್ ಗಿಟಾರು, ಒಂದು ಡ್ರಮ್ಸು ಇಟ್ಟುಕೊಂಡು ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತವನ್ನು ಕನ್ನಡಕ್ಕೆ ತಂದವರು ಅವರೇ. ತಂಡದ ಜೀವವೆಲ್ಲ ಮುನಿರಾಮಪ್ಪನ ಕೂಗಿನಲ್ಲಿತ್ತು. ಹಾಡಿನ ನಡುವೆ ಅವನು ಕಣ್ಣು ಮುಚ್ಚಿ ಒಮ್ಮೆ ಕೂಗಿದನೆಂದರೆ ಮಾಲೂರಿನ ಹೆಂಚುಗಳು ಅದುರುತ್ತಿದ್ದವು. ಆ ಕೂಗನ್ನು ಅವನಿಗೆ ಯಾವ ಗುರುವೂ ಹೇಳಿಕೊಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಮಾವಿನ ತೋಪಿಗೆ ಬೀಳುವ ಗಿಳಿಗಳನ್ನು ಓಡಿಸಿ ಓಡಿಸಿ ಬಂದದ್ದು.

ತಂಡದ ಕಾರ್ಯದರ್ಶಿ ಕೋದಂಡರಾಮಪ್ಪನವರು ಶಿರಸ್ತೇದಾರರಾಗಿ ನಿವೃತ್ತರಾದವರು. ಅವರಿಗೆ ಸಂಗೀತದ ಗಂಧವಿರಲಿಲ್ಲ. ಅದರ ಕೊರತೆಯೂ ಅವರಿಗೆ ಕಂಡಿರಲಿಲ್ಲ. ಪೋಸ್ಟರಿನಲ್ಲಿ ಅವರ ಹೆಸರು ದಪ್ಪಕ್ಷರದಲ್ಲಿ ಬಿದ್ದರೆ, ಮುನಿರಾಮಪ್ಪನದು ‘ಮತ್ತು ಸಂಗಡಿಗರು’ ಎಂಬಲ್ಲಿ ಸೇರಿಹೋಗುತ್ತಿತ್ತು. ಒಮ್ಮೆಯಾದರೂ ತನ್ನ ಹೆಸರಿನಲ್ಲಿ ಹಾಡಬೇಕೆಂದು ಅವನು ತಂಡ ಬಿಡಲು ಹೊರಟ. ಶ್ರೀನಿವಾಸಪುರದ ಮಾವಿನ ವರ್ತಕರು ತಮ್ಮ ವಾರ್ಷಿಕೋತ್ಸವಕ್ಕೆ ಅವನೊಬ್ಬನನ್ನೇ ಗೊತ್ತುಮಾಡಿದರು.

“ಹೋಗಪ್ಪ, ಬೇಡ ಅಂದೋರ್ಯಾರು?” ಎಂದರು ಕೋದಂಡರಾಮಪ್ಪನವರು. “ಚಾರ್ಜ್ ಕೊಟ್ಟು ಹೋಗು.”

“ಮೈಕು ನಿಮ್ದು, ಗಿಟಾರು ನಿಮ್ದು. ನನ್ಹತ್ರ ಏನೈತೆ ಸಾರ್ ಕೊಡಾಕೆ?”

“ಕೂಗೈತಲ್ಲ.”

“ಅದು ನನ್ ಗಂಟ್ಲು ಸಾರ್.”

“ಗಂಟ್ಲು ನಿಂದೇ, ಇಟ್ಕೋ. ಕೂಗು ಬೆಳೆದಿದ್ದು ತಂಡದ ಮೈಕಲ್ಲಿ, ತಂಡದ ಟೀ ಕುಡಿದು.”

ನಿಯಮ ಹನ್ನೊಂದು ಇದನ್ನು ಸ್ಪಷ್ಟವಾಗಿ ಹೇಳುತ್ತಿತ್ತು: ‘ಸೇವೆಯಲ್ಲಿರುವಾಗ ಸದಸ್ಯನ ದೇಹದಿಂದ ಹೊರಟ ಯಾವುದೇ ಶಬ್ದವು ತಂಡಕ್ಕೆ ಸೇರತಕ್ಕದ್ದು. ಕೆಮ್ಮು ಮತ್ತು ಸೀನಿಗೆ ವಿನಾಯಿತಿ ಇದೆ.’ ಈ ನಿಯಮವನ್ನು ಅಂದಿನ ಸಭೆಯ ಊಟದ ವಿರಾಮದಲ್ಲಿ ಬರೆದಿದ್ದರೂ, ತಂಡ ಹುಟ್ಟಿದ ದಿನದಿಂದಲೇ ಜಾರಿಗೆ ಬಂದಿತ್ತು.

ಚಾರ್ಜ್ ಕೊಡದೆ ಬಿಡುಗಡೆ ಪತ್ರವಿಲ್ಲ, ಬಿಡುಗಡೆ ಪತ್ರವಿಲ್ಲದೆ ಲೌಡ್‌ಸ್ಪೀಕರ್ ಪರವಾನಗಿ ಇಲ್ಲ. ಮುನಿರಾಮಪ್ಪ ಸಹಿ ಹಾಕಿದ. ಕೂಗನ್ನು ವಹಿಸಿಕೊಂಡವನು ಕಾರ್ಯದರ್ಶಿಗಳ ಬಾಮೈದ ಆವಲಪ್ಪ. ಅವನು ಮಾತಾಡಿದರೆ ಪಕ್ಕದ ಕುರ್ಚಿಯವನು ‘ಆಂ?’ ಎನ್ನುತ್ತಿದ್ದ, ಆದರೆ ಹುದ್ದೆಗೆ ದನಿ ಬೇಕೆಂದು ಎಲ್ಲೂ ಬರೆದಿರಲಿಲ್ಲ. ಅವನ ಅಂಗಿಗೆ ‘ಪ್ರಭಾರ ಕೂಗು’ ಎಂಬ ಬಿಲ್ಲೆ ಚುಚ್ಚಲಾಯಿತು. ಇನ್ನು ಮುಂದೆ ಮುನಿರಾಮಪ್ಪ ಹಾಡಬಹುದು. ಕೂಗುವ ಜಾಗದಲ್ಲಿ ಬಾಯಿ ತೆರೆದು ನಿಲ್ಲತಕ್ಕದ್ದು, ಕೂಗನ್ನು ಆವಲಪ್ಪ ಕೂಗತಕ್ಕದ್ದು.

ಕಾರ್ಯಕ್ರಮದ ದಿನ ಆವಲಪ್ಪ ಸಾಂದರ್ಭಿಕ ರಜೆಯಲ್ಲಿದ್ದ.

ಮಾವಿನ ಮಂಡಿಯ ಗೋಡೆಯ ಮೇಲೆ ತನ್ನ ಹೆಸರೊಂದೇ ಇರುವ ಪೋಸ್ಟರನ್ನು ಮುನಿರಾಮಪ್ಪ ಹೋಗಿ ಬಂದು ನೋಡಿದ. ವೇದಿಕೆ ಹತ್ತಿ ಹಾಡಿದ. ಕೂಗುವ ಜಾಗ ಬಂತು. ಬಾಯಿ ತೆರೆದು ನಿಂತ. ಕೊರಳ ನರಗಳು ಉಬ್ಬಿದವು, ಸದ್ದು ಬರಲಿಲ್ಲ. ಹೊಟ್ಟೆಯಿಂದ ಎದ್ದು ಬಂದದ್ದನ್ನು ನುಂಗಿಕೊಂಡಾಗ ಅವನಿಗೆ ನಿಜವಾಗಿಯೂ ಅಳು ಬಂತು. ಜನ ಮೈಕು ಕೆಟ್ಟಿತೆಂದುಕೊಂಡರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಬೇಕೆಂಬ ಪದ್ಧತಿಯಂತೆ ಮಂಡಿ ಅಧ್ಯಕ್ಷರು ತಟ್ಟಿದರು; ಅವರು ತಟ್ಟಿದ್ದರಿಂದ ಹಿಂದಿನವರೂ ತಟ್ಟಿದರು.

“ನೆಮ್ಮದಿಯಾಗಿ ವ್ಯಾಪಾರ ಮಾತಾಡೋಕೆ ಬಿಟ್ಟ ಗಾಯಕ ಅಂದ್ರೆ ಇವನೊಬ್ಬನೇ” ಎಂದು ಅಧ್ಯಕ್ಷರು ಶಾಲು ಹೊದಿಸಿದರು.

ಆ ಮೌನಕ್ಕೆ ಮುಳಬಾಗಿಲಿನಿಂದಲೂ ಮಾಲೂರಿನಿಂದಲೂ ಕರೆ ಬಂತು. ಗಗನಭೇರಿ ಕೂಡಲೇ ತುರ್ತು ಸಭೆ ಸೇರಿತು. ಸದರಿ ಮೌನವು ತಂಡದ ಕೂಗು ಇಲ್ಲದಿರುವುದರಿಂದಲೇ ಉಂಟಾಗಿದ್ದು, ಅದೂ ತಂಡದ ಸ್ವತ್ತು ಎಂದು ತೀರ್ಮಾನವಾಯಿತು. ಮುನಿರಾಮಪ್ಪ ಮೌನದ ಚಾರ್ಜನ್ನೂ ಕೊಟ್ಟು ಬೈರಕೂರಿಗೆ ಬಂದ.

ತೋಪಿನಲ್ಲಿ ಹಣ್ಣು ತೂಗುತ್ತಿತ್ತು. ಗಿಳಿಗಳ ಹಿಂಡು ಆಗಲೇ ಕೂತಿತ್ತು.

“ನಾಯ್ನಾ, ಒಂದ್ಸಲ ಕೂಗೋ” ಎಂದಳು ತಾಯಿ ಗಂಗರತ್ನಮ್ಮ. “ಫಸಲೆಲ್ಲ ಹೋಗ್ತೈತೆ.”

“ಕೂಗಂಗಿಲ್ಲಮ್ಮ. ಸೈನ್ ಹಾಕಿದೀನಿ.”

“ಹುಟ್ಟಿದ ತಕ್ಷಣ ಕೂಗ್ದಲ್ಲೋ ನೀನು, ಊರೇ ಎದ್ದಿತ್ತು. ಅದೂ ಅವರ್ದೇನಾ?”

ಮುನಿರಾಮಪ್ಪ ಅತ್ತಿತ್ತ ನೋಡಿದ. “ಅದನ್ನ ಅವರಿನ್ನೂ ಕೇಳಿಲ್ಲ. ನೀನೇನೂ ನೆನಪು ಮಾಡ್ಬೇಡ.”

ಗಂಗರತ್ನಮ್ಮ ಕೋಲಾರಕ್ಕೆ ಹೋಗಿ ಕೂಗಿಗೆ ಅರ್ಜಿ ಕೊಟ್ಟಳು. ಫಸಲು ಮುಕ್ಕಾಲು ಮುಗಿಯುವ ಹೊತ್ತಿಗೆ ಆವಲಪ್ಪ ನಿಯೋಜನೆಯ ಮೇಲೆ ಬಂದ. ಮರದಡಿ ಮಂಚ ಹಾಕಿಸಿಕೊಂಡ, ಹಣ್ಣು ತಿಂದು ಕೈ ತೊಳೆದ, ಬಿಲ್ಲೆ ನೆಟ್ಟಗೆ ಮಾಡಿಕೊಂಡು ಗಿಳಿಗಳತ್ತ ತಿರುಗಿ ಮೆಲ್ಲಗೆ “ಹೋ” ಎಂದ. ಒಂದು ಗಿಳಿ ಕತ್ತು ತಿರುಗಿಸಿ ನೋಡಿ ಮತ್ತೆ ತಿನ್ನತೊಡಗಿತು.

‘ಕೂಗು ಸಮರ್ಪಕವಾಗಿ ನೆರವೇರಿದೆ. ಗಿಳಿಗಳು ಸಹಕರಿಸಿಲ್ಲ’ ಎಂದು ಆವಲಪ್ಪ ವರದಿ ಬರೆದ. ಗಂಗರತ್ನಮ್ಮ ಹೆಬ್ಬೆಟ್ಟು ಒತ್ತಿದಳು, ಮುನಿರಾಮಪ್ಪ ಸಾಕ್ಷಿ ಹಾಕಿದ. ವರದಿಯನ್ನು ಓದಿಸಿ ಕೇಳಿದ ಊರಿನವರು, ತಪ್ಪು ಗಿಳಿಗಳದೇ ಎಂದು ಒಪ್ಪಿದರು.

ಆವಲಪ್ಪನ ಚೀಲಕ್ಕೆ ಉಳಿದ ಹಣ್ಣು ತುಂಬಿಕೊಂಡು ಮುನಿರಾಮಪ್ಪ ಅವನನ್ನು ಬಸ್ಸು ಹತ್ತಿಸಲು ರಸ್ತೆಯವರೆಗೆ ಬಂದ. ಕೋಲಾರದ ಬಸ್ಸು ನಿಲ್ಲದೆ ಮುಂದೆ ಹೋಯಿತು. ಅವನು ಬಾಯಿ ತೆರೆದ, ಮುಚ್ಚಿಕೊಂಡ, ಚೀಲ ಹೊತ್ತುಕೊಂಡೇ ಬಸ್ಸಿನ ಹಿಂದೆ ಓಡಿದ.